ಇಲ್ಲದ ನಾಡಿಗೊಂದು ಹೆಸರು

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡಿದ್ದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ, ದಸರೆಯ ರಜೆಯಲ್ಲಿ ತಮ್ಮ ಸ್ವಂತ ಕಲ್ಪನೆಯಿಂದ ಒಂದೊಂದು ಕಥೆಯನ್ನು ಬರೆದು ತರಬೇಕೆಂದು ಹೇಳಿದ್ದೆ. ರಜೆ ಕಳೆದು ಶಾಲೆ ತೆರೆದಾಗ ನನ್ನ ಮೇಜಿನ ಮೇಲೆ ನಲವತ್ತಕ್ಕೂ ಹೆಚ್ಚು ಬರಹ ಪುಸ್ತಕಗಳು ಬಂದು ಕುಳಿತವು. ಅವುಗಳಲ್ಲಿ ಬಹುಪಾಲು ಕಥೆಗಳು ನಡೆದದ್ದು ರತ್ನಪುರಿಯಲ್ಲಿ, ಉಳಿದವು ಸುವರ್ಣನಗರದಲ್ಲಿ. ಒಂದು ಪುಸ್ತಕದಲ್ಲಿ ಮಾತ್ರ ಎರಡು ವಿಚಿತ್ರ ಹೆಸರುಗಳಿದ್ದವು. ಅಣ್ಣನ ರಾಜ್ಯದ ಹೆಸರು ‘ಮೂಟೊರೆ’. ತಮ್ಮನ ರಾಜ್ಯದ ಹೆಸರು ‘ಪಟ್ಟೊರೆ’. ಈ ಶಬ್ದಗಳನ್ನು ನಾನು ಎಲ್ಲಿಯೂ ಓದಿರಲಿಲ್ಲ, ಕೇಳಿರಲಿಲ್ಲ. ಕೆಂಪು ಶಾಯಿಯಿಂದ ಅವೆರಡನ್ನೂ ಹೊಡೆದುಹಾಕಿ, ‘ಅರ್ಥವಿಲ್ಲದ ಶಬ್ದಗಳು. ಒಳ್ಳೆಯ ಹೆಸರನ್ನು ಇಡು’ ಎಂದು ಬರೆದೆ. ಅಷ್ಟಕ್ಕೇ ತೃಪ್ತನಾಗದೆ, ಮೂಟೊರೆಯ ಮೇಲೆ ‘ರತ್ನಪುರಿ’ ಎಂದು ನಾನೇ ಬರೆದುಕೊಟ್ಟೆ.

ಹುಡುಗ ಪುಸ್ತಕವನ್ನು ಮೌನವಾಗಿ ತೆಗೆದುಕೊಂಡು ಹೋದ. ಆ ವರ್ಷ ಅವನು ಮತ್ತೊಂದು ಕಥೆಯನ್ನು ಬರೆಯಲಿಲ್ಲ. ಪರೀಕ್ಷೆಯ ಮುನ್ನ ಪುಸ್ತಕಗಳನ್ನು ಪರಿಶೀಲನೆಗಾಗಿ ಮತ್ತೆ ತರಿಸಿಕೊಂಡಾಗ, ಅವನ ಪುಸ್ತಕದ ಕಡೆಯ ಹಾಳೆ ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ಬಿತ್ತು. ಅಲ್ಲಿ ಪೆನ್ಸಿಲಿನಿಂದ ಬರೆದ ಒಂದು ಭೂಪಟವಿತ್ತು. ನಡುವೆ ಒಂದು ಬೆಟ್ಟ. ಬೆಟ್ಟದಿಂದ ಮೂಡಲಿಗೊಂದು, ಪಡುವಲಿಗೊಂದು ತೊರೆ ಇಳಿದು ಹೋಗಿದ್ದವು. ಮೂಡಲ ತೊರೆಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದರ ಕೆಳಗೊಂದು ಮೂರು ಸಾಲುಗಳಿದ್ದವು: ‘ಮೂಡುತೊರೆ—ಅಜ್ಜಂದಿರ ಕಾಲದ ಹೆಸರು, ಮೂಡ್ತೊರೆ—ಅಪ್ಪಂದಿರ ಕಾಲದ ಹೆಸರು, ಮೂಟೊರೆ—ಈಗಿನ ಹೆಸರು.’ ಪಡುತೊರೆಯು ಪಟ್ಟೊರೆಯಾದ ಬಗೆಯೂ ಇನ್ನೊಂದು ಪಕ್ಕದಲ್ಲಿ ಹಾಗೆಯೇ ಬರೆದಿತ್ತು.

ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತೆ. ಭಾಷಾಶಾಸ್ತ್ರವನ್ನು ಓದಿ ಸ್ನಾತಕೋತ್ತರ ಪದವಿಯನ್ನು ಪಡೆದಿದ್ದವನು ನಾನು. ಆ ಶಾಸ್ತ್ರದ ಹೆಸರನ್ನೇ ಕೇಳದ ಬಾಲಕನೊಬ್ಬ ಕಾಲು ಪುಟದಲ್ಲಿ ಮೂರು ತಲೆಮಾರಿನ ಜನರನ್ನು, ಅವರ ನಾಲಗೆಯನ್ನು, ಅವರ ನದಿಯನ್ನು ಸೃಷ್ಟಿಸಿದ್ದ. ಅದನ್ನು ಅರ್ಥವಿಲ್ಲದ ಶಬ್ದವೆಂದು ಹೊಡೆದುಹಾಕಿದವನೂ ನಾನೇ. ನಾನು ಅವನನ್ನು ಕರೆದು ಮಾತನಾಡಿಸಬೇಕೆನ್ನುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ತಂದೆಗೆ ವರ್ಗವಾಗಿ ಆ ಕುಟುಂಬ ಬೇರೆ ಊರಿಗೆ ಹೊರಟುಹೋಗಿತ್ತು. ಕಲ್ಪನೆಯ ನಾಡುಗಳಿಗೆ ಹೆಸರಿಡುವುದೆಂದರೇನು, ಅದಕ್ಕೇನಾದರೂ ನಿಯಮವುಂಟೇ ಎಂಬುದನ್ನು ನಾನು ವಿಚಾರ ಮಾಡತೊಡಗಿದ್ದು ಅಂದಿನಿಂದ.

ಇಲ್ಲದ ನಾಡನ್ನು ಕಲ್ಪಿಸಿ ಅದಕ್ಕೆ ಹೆಸರಿಡುವುದು ಸಾಹಿತ್ಯದಲ್ಲಿ ಹೊಸದಲ್ಲ. ಇಂಗ್ಲೆಂಡಿನ ಥಾಮಸ್ ಮೋರ್ ಎಂಬ ವಿದ್ವಾಂಸನು 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಎಲ್ಲರೂ ದುಡಿದು ಎಲ್ಲರೂ ಉಣ್ಣುವ, ಚಿನ್ನಕ್ಕೆ ಬೆಲೆಯೇ ಇಲ್ಲದ ಒಂದು ದ್ವೀಪರಾಜ್ಯದ ವರ್ಣನೆ ಅದರಲ್ಲಿದೆ. ಆ ರಾಜ್ಯದ ಹೆಸರು ಯುಟೋಪಿಯ. ಗ್ರೀಕ್ ಭಾಷೆಯಲ್ಲಿ ‘ಟೋಪೋಸ್’ ಎಂದರೆ ಸ್ಥಳ. ‘ಊ’ ಎಂದರೆ ಇಲ್ಲ. ಎಲ್ಲಿಯೂ ಇಲ್ಲದ ಸ್ಥಳ ಎಂಬುದು ಆ ಹೆಸರಿನ ಅರ್ಥ. ಆದರೆ ಅದೇ ಗ್ರೀಕಿನಲ್ಲಿ ‘ಎವು’ ಎಂಬ ಇನ್ನೊಂದು ಪೂರ್ವಪದಕ್ಕೆ ‘ಒಳ್ಳೆಯ’ ಎಂದರ್ಥ. ಇಂಗ್ಲಿಷರ ಬಾಯಿಯಲ್ಲಿ ಎರಡರ ಉಚ್ಚಾರಣೆಯೂ ಒಂದೇ ಆಗುತ್ತದೆ. ಹೀಗೆ ಒಳ್ಳೆಯ ನಾಡು, ಇಲ್ಲದ ನಾಡು ಎಂಬ ಎರಡು ಅರ್ಥಗಳನ್ನೂ ಮೋರನು ಒಂದೇ ಹೆಸರಿನಲ್ಲಿ ಹುದುಗಿಸಿದನು. ಆ ರಾಜ್ಯದ ಹಿರಿಯ ನದಿಗೆ ಅವನಿಟ್ಟ ಹೆಸರು ಅನಿಡ್ರಸ್, ಅಂದರೆ ನೀರಿಲ್ಲದ್ದು. ಗ್ರೀಕ್ ಬಲ್ಲ ಓದುಗನು ಈ ಹೆಸರುಗಳನ್ನು ಕಂಡೊಡನೆ ಮುಗುಳ್ನಗುತ್ತಿದ್ದನು.

ನಮ್ಮ ಭಾಷೆಯಲ್ಲಿ ಇಂಥ ಹೆಸರೊಂದನ್ನು ಕಟ್ಟಲು ಸಾಧ್ಯವೇ? ‘ಇಲ್ಲೂರು’ ಎಂದು ಹೇಳಿ ನೋಡೋಣ. ಕನ್ನಡಿಗನಿಗೆ ಅದು ಇಲ್ಲದ ಊರು. ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ. ತಮಿಳಿನಲ್ಲಿಯೂ ‘ಇಲ್’ ಎಂದರೆ ಮನೆ. ಆದುದರಿಂದ ನೆರೆಯವನಿಗೆ ಅದು ಮನೆಗಳಿರುವ ಊರು. ಒಂದೇ ಶಬ್ದ ಒಬ್ಬನಿಗೆ ಶೂನ್ಯವನ್ನೂ ಮತ್ತೊಬ್ಬನಿಗೆ ಆಶ್ರಯವನ್ನೂ ಸೂಚಿಸುತ್ತದೆ. ಮೋರನ ಜಾಣ್ಮೆ ಲ್ಯಾಟಿನ್ ಗ್ರೀಕುಗಳಿಗೆ ಮಾತ್ರ ಮೀಸಲಾದುದಲ್ಲ. ತನ್ನ ಭಾಷೆಯ ಬೇರುಗಳನ್ನು ಬಲ್ಲ ಯಾರಿಗಾದರೂ ಅದು ದಕ್ಕುವಂಥದು.

ಅರ್ಥವನ್ನು ಬಚ್ಚಿಡುವ ಬದಲು ನಾದದಿಂದಲೇ ಚಿತ್ರವನ್ನು ಕಟ್ಟಿದವನು ಜೊನಾಥನ್ ಸ್ವಿಫ್ಟ್. 1726ರಲ್ಲಿ ಪ್ರಕಟವಾದ ಅವನ ‘ಗಲಿವರನ ಪ್ರವಾಸಗಳು’ ಎಂಬ ಕೃತಿಯ ಕಥೆಯನ್ನು ನೀವು ಕೇಳಿರಬಹುದು. ಅಂಗೈ ಉದ್ದದ ಮನುಷ್ಯರಿರುವ ನಾಡು ಲಿಲಿಪುಟ್. ಗೋಪುರದಷ್ಟು ಎತ್ತರದ ದೈತ್ಯರ ನಾಡು ಬ್ರಾಬ್ಡಿಂಗ್‌ನ್ಯಾಗ್. ಈ ಎರಡು ಹೆಸರುಗಳನ್ನು ಗಟ್ಟಿಯಾಗಿ ಉಚ್ಚರಿಸಿ. ಮೊದಲನೆಯದನ್ನು ಹೇಳುವಾಗ ನಾಲಗೆಯ ತುದಿ ಮಾತ್ರ ಅಲುಗುತ್ತದೆ. ಎರಡನೆಯದನ್ನು ಹೇಳಲು ಬಾಯಿ ತುಂಬ ಜಾಗ ಬೇಕು. ಕಿರಿದು, ಚಿಟಿಕೆ, ಪುಟಾಣಿ ಎಂಬ ಮಾತುಗಳನ್ನೂ ದೊಡ್ಡ, ದಡೂತಿ, ಘನಘೋರ ಎಂಬ ಮಾತುಗಳನ್ನೂ ಒಟ್ಟಿಗೆ ಹೇಳಿಕೊಂಡರೆ ಇಂಥದೇ ವ್ಯತ್ಯಾಸ ಕನ್ನಡದಲ್ಲಿಯೂ ತಿಳಿಯುತ್ತದೆ. ಅದೇ ಕೃತಿಯಲ್ಲಿ ವಿವೇಕವಂತ ಕುದುರೆಗಳು ಆಳುವ ಒಂದು ದೇಶವುಂಟು. ಆ ಕುದುರೆಗಳ ಕುಲನಾಮವನ್ನು ಸ್ವಿಫ್ಟನು ಕುದುರೆಯ ಕೆನೆತದಂತೆಯೇ ಕೇಳಿಸುವ ಅಕ್ಷರಗಳಿಂದ ಕಟ್ಟಿದ್ದಾನೆ.

ಮೂರನೆಯ ಉಪಾಯವೊಂದಿದೆ. ಅದು ಬಂಧುತ್ವದ ಉಪಾಯ. 1894ರಲ್ಲಿ ಆಂಟನಿ ಹೋಪ್ ಎಂಬ ಕಾದಂಬರಿಕಾರನು ಮಧ್ಯ ಯೂರೋಪಿನಲ್ಲಿ ರುರಿಟೇನಿಯ ಎಂಬ ರಾಜ್ಯವೊಂದನ್ನು ಕಲ್ಪಿಸಿದನು. ಲ್ಯಾಟಿನ್ನಿನಲ್ಲಿ ‘ರೂಸ್’, ‘ರೂರಿಸ್’ ಎಂದರೆ ಹಳ್ಳಿಗಾಡು. ಲುಸಿಟೇನಿಯ, ಮಾರಿಟೇನಿಯ ಮೊದಲಾದ ನಿಜವಾದ ಪ್ರಾಂತಗಳ ಹೆಸರಿನ ಕೊನೆಯ ಭಾಗವನ್ನು ಅದಕ್ಕೆ ಸೇರಿಸಿದ್ದರಿಂದ, ಹುಸಿ ರಾಜ್ಯವು ನಿಜರಾಜ್ಯಗಳ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಕುಳಿತುಕೊಂಡಿತು. ಮುಂದೆ ಈ ಹೆಸರು ಕಾದಂಬರಿಯನ್ನು ದಾಟಿ ಬಂದಿತು. ಯಾವುದಾದರೊಂದು ಕಾಲ್ಪನಿಕ ರಾಷ್ಟ್ರವನ್ನು ಉದಾಹರಣೆಗೆ ಕೊಡಬೇಕಾದಾಗ ಅರ್ಥಶಾಸ್ತ್ರಜ್ಞರೂ ನ್ಯಾಯಶಾಸ್ತ್ರಜ್ಞರೂ ರುರಿಟೇನಿಯವೆಂದು ಬರೆಯತೊಡಗಿದರು.

ಹೆಸರುಗಳ ಈ ಬಂಧುತ್ವವನ್ನು ನಮ್ಮ ಪುರಾಣಗಳ ಭೂವರ್ಣನೆಯಲ್ಲಿಯೂ ಕಾಣಬಹುದು. ಅಲ್ಲಿ ಬರುವ ಸಪ್ತದ್ವೀಪಗಳಲ್ಲಿ ಜಂಬೂ ಎಂಬುದು ನೇರಳೆ, ಪ್ಲಕ್ಷವು ಬಸರಿ, ಶಾಲ್ಮಲಿಯು ಬೂರುಗ, ಕುಶವು ದರ್ಭೆ, ಶಾಕವು ತೇಗ, ಪುಷ್ಕರವು ತಾವರೆ. ಕ್ರೌಂಚವೊಂದು ಮಾತ್ರ ಪರ್ವತದಿಂದ ಬಂದ ಹೆಸರು. ಒಂದನ್ನು ಕೇಳಿದವನಿಗೆ ಮತ್ತೊಂದು ಯಾವ ಬಗೆಯದಿರಬಹುದೆಂಬ ನಿರೀಕ್ಷೆ ಹುಟ್ಟುತ್ತದೆ. ಒಂದೇ ಮನೆಯ ಮಕ್ಕಳ ಮುಖದಲ್ಲಿ ಒಂದು ಹೋಲಿಕೆ ಇರುವಂತೆ, ಒಂದೇ ನಾಡಿನ ಹೆಸರುಗಳಲ್ಲಿಯೂ ಹೋಲಿಕೆ ಇರಬೇಕು. ನಮ್ಮ ಮಕ್ಕಳ ಕಥೆಗಳ ರತ್ನಪುರಿಯಲ್ಲಿ ದೋಷವಿರುವುದು ಇಲ್ಲಿಯೇ. ಅದು ಕೆಟ್ಟ ಹೆಸರಲ್ಲ. ಆದರೆ ಅದಕ್ಕೆ ಮನೆಯಿಲ್ಲ. ರತ್ನಪುರಿಯಲ್ಲಿ ರತ್ನದ ಗಣಿಯಿದೆಯೇ? ಅದಕ್ಕೆ ಆ ಹೆಸರನ್ನು ಕೊಟ್ಟವರಾರು? ಕಥೆ ಬರೆದವನಿಗೂ ತಿಳಿಯದು.

ನಿಜವಾದ ಊರುಗಳ ಹೆಸರುಗಳಾದರೋ ಈ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಹೊತ್ತುಕೊಂಡೇ ಬಂದಿರುತ್ತವೆ. ನಮ್ಮ ನಾಡಿನ ಭೂಪಟವನ್ನು ತೆರೆದು ನೋಡಿದರೆ ಊರು, ಹಳ್ಳಿ, ಕೆರೆ, ಕಟ್ಟೆ, ದುರ್ಗ, ಪುರ ಎಂಬ ಕೆಲವೇ ಪದಗಳು ಸಾವಿರಾರು ಹೆಸರುಗಳ ಕೊನೆಯಲ್ಲಿ ನಿಂತಿರುವುದು ಕಂಡುಬರುತ್ತದೆ. ನೀರನ್ನು ನೆಚ್ಚಿದವರು ಕೆರೆಯ ಹೆಸರಿಟ್ಟರು. ಶತ್ರುವಿಗೆ ಅಂಜಿದವರು ದುರ್ಗದ ಹೆಸರಿಟ್ಟರು. ಕಾಲ ಕಳೆದಂತೆ ನಾಲಗೆಯು ಈ ಹೆಸರುಗಳನ್ನು ಸವೆಸುತ್ತದೆ. ಆದರೆ ಅದು ಮನಬಂದಂತೆ ಸವೆಸುವುದಿಲ್ಲ, ಅದಕ್ಕೊಂದು ಕ್ರಮವುಂಟು. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪಕಾರವು ಮುಂದೆ ಹಕಾರವಾಯಿತೆಂಬುದನ್ನು ನೀವು ವ್ಯಾಕರಣ ಪಾಠದಲ್ಲಿ ಕಲಿತಿದ್ದೀರಿ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಂಪೆಯು ಹಂಪೆಯಾಯಿತು. ಇಂದು ಲಕ್ಷ್ಮೇಶ್ವರವೆನಿಸಿರುವ ಪುಲಿಗೆರೆಯು ಒಮ್ಮೆ ಹುಲಿಗೆರೆಯಾಯಿತು. ಮೂಡುತೊರೆಯನ್ನು ಮೂಟೊರೆಯಾಗಿಸಿದ ಬಾಲಕನು ಮಾಡಿದ್ದೂ ಇಂಥದೇ ಕೆಲಸವನ್ನು.

ಕೆಲವು ಹೆಸರುಗಳಲ್ಲಿ ಎರಡು ಕಾಲಗಳು ಒಂದರ ಮೇಲೊಂದು ಪದರವಾಗಿ ಕುಳಿತಿರುತ್ತವೆ. ಬಿಳಿಗಿರಿರಂಗನ ಬೆಟ್ಟ ಎನ್ನುವಾಗ ‘ಗಿರಿ’ ಎಂದು ಒಮ್ಮೆ, ‘ಬೆಟ್ಟ’ ಎಂದು ಇನ್ನೊಮ್ಮೆ ಒಂದೇ ಅರ್ಥವನ್ನು ಹೇಳುತ್ತೇವೆ. ಇಂಗ್ಲೆಂಡಿನಲ್ಲಿ ಬ್ರಿಲ್ ಎಂಬ ಹಳ್ಳಿಯಿದೆ. ಆ ದ್ವೀಪದ ಪ್ರಾಚೀನ ನಿವಾಸಿಗಳ ಭಾಷೆಯಲ್ಲಿ ‘ಬ್ರೆ’ ಎಂದರೆ ಬೆಟ್ಟ. ಅನಂತರ ಬಂದ ಇಂಗ್ಲಿಷರು ಆ ಶಬ್ದದ ಅರ್ಥವನ್ನು ತಿಳಿಯದೆ, ಅದಕ್ಕೆ ಬೆಟ್ಟವೆಂಬರ್ಥದ ತಮ್ಮ ‘ಹಿಲ್’ ಎಂಬ ಪದವನ್ನೂ ಸೇರಿಸಿದರು. ಎರಡು ಬೆಟ್ಟಗಳು ಕೂಡಿ ಬ್ರಿಲ್ ಆಯಿತು. ಒಂದು ಜನಾಂಗ ಮತ್ತೊಂದರ ನೆಲಕ್ಕೆ ಬಂದ ಇತಿಹಾಸವೆಲ್ಲ ಆ ಪುಟ್ಟ ಹೆಸರಿನೊಳಗಿದೆ.

ಇನ್ನು ಕೆಲವು ಹೆಸರುಗಳು ನಾಡಿನ ದುಃಖವನ್ನು ಹೇಳುತ್ತವೆ. ಹೊಯ್ಸಳರ ರಾಜಧಾನಿ ದೋರಸಮುದ್ರ. ಹದಿನಾಲ್ಕನೆಯ ಶತಮಾನದ ದಾಳಿಗಳಲ್ಲಿ ಅದು ಹಾಳಾಯಿತು. ಅರಮನೆಗಳು ಬಿದ್ದುಹೋದ ಮೇಲೆ ಜನರು ಅದನ್ನು ಹಳೆಯ ಬೀಡು ಎಂದು ಕರೆದರು. ಇಂದು ಹಳೇಬೀಡಿಗೆ ಹೋಗುವ ಪ್ರವಾಸಿಗನು ಆ ಹೆಸರನ್ನು ಉಚ್ಚರಿಸಿದಾಗಲೆಲ್ಲ, ತನಗರಿವಿಲ್ಲದೆಯೇ ಒಂದು ರಾಜ್ಯದ ಪತನವನ್ನು ನುಡಿಯುತ್ತಾನೆ.

ಹೆಸರಿನ ಅರ್ಥವನ್ನು ಹುಡುಕುವಾಗ ಎಚ್ಚರವೂ ಬೇಕು. ಬೆಂದ ಕಾಳನ್ನು ರಾಜನಿಗೆ ಕೊಟ್ಟ ಮುದುಕಿಯಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ಕಥೆಯ ರಾಜನು ಹೊಯ್ಸಳ ವೀರಬಲ್ಲಾಳ. ಆದರೆ ಅವನ ಕಾಲಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದಿನದಾದ ಬೇಗೂರಿನ ವೀರಗಲ್ಲಿನ ಶಾಸನದಲ್ಲಿಯೇ ಬೆಂಗಳೂರೆಂಬ ಹೆಸರು ಇದೆ. ಕಥೆ ಸೊಗಸಾಗಿದೆ, ಸತ್ಯವಾಗಿಲ್ಲ. ತನ್ನ ಕೃತಿಯಲ್ಲಿ ಲಪೂಟ ಎಂಬ ತೇಲುವ ದ್ವೀಪವನ್ನು ಕಲ್ಪಿಸಿದ ಸ್ವಿಫ್ಟನು, ಆ ಹೆಸರಿಗೆ ಅಲ್ಲಿಯ ಪಂಡಿತರು ಕೊಡುವ ವ್ಯುತ್ಪತ್ತಿಯೊಂದನ್ನೂ ಗಲಿವರನು ಕೊಡುವ ಮತ್ತೊಂದನ್ನೂ ಹೇಳಿ, ಇಂಥ ಹುಸಿ ಪಾಂಡಿತ್ಯವನ್ನು ಪರಿಹಾಸ ಮಾಡಿದ್ದಾನೆ. ಕಲ್ಪನೆಯ ನಾಡನ್ನು ಕಟ್ಟುವವನಿಗಾದರೋ ಇದರಲ್ಲಿಯೂ ಒಂದು ಪಾಠವುಂಟು. ನಿಜವಾದ ಜನರು ತಮ್ಮ ಊರಿನ ಹೆಸರಿಗೆ ತಪ್ಪು ಕಥೆಯನ್ನೂ ಪ್ರೀತಿಯಿಂದ ಕಟ್ಟಿಕೊಳ್ಳುತ್ತಾರೆ.

ಈ ಎಲ್ಲ ನಿಯಮಗಳನ್ನೂ ಅರಿತು, ಜೀವಮಾನವಿಡೀ ಇಲ್ಲದ ನಾಡುಗಳಿಗೆ ಹೆಸರಿಟ್ಟವರು ಜೆ. ಆರ್. ಆರ್. ಟೋಲ್ಕೀನ್. ಅವರ ಕಾಲ 1892–1973. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಅವರು ಬಾಲ್ಯದಿಂದಲೂ ಭಾಷೆಗಳನ್ನೇ ಕಲ್ಪಿಸಿಕೊಂಡು ಬರೆಯುತ್ತಿದ್ದರು. ಫಿನ್ನಿಷ್ ಭಾಷೆಯ ಇಂಪಿಗೆ ಮನಸೋತು ಕ್ವೆನ್ಯ ಎಂಬ ಭಾಷೆಯನ್ನೂ, ವೆಲ್ಷ್ ಭಾಷೆಯ ಧ್ವನಿಗಳನ್ನು ಅನುಸರಿಸಿ ಸಿಂದರಿನ್ ಎಂಬ ಭಾಷೆಯನ್ನೂ ರೂಪಿಸಿದರು. ಕಥೆಗಾಗಿ ಭಾಷೆಯನ್ನು ಮಾಡಲಿಲ್ಲ, ಭಾಷೆಗೆ ಬಾಳಲು ಒಂದು ಲೋಕ ಬೇಕೆಂದು ಕಥೆಯನ್ನು ಮಾಡಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. 1937ರಲ್ಲಿ ‘ದಿ ಹಾಬಿಟ್’, 1954–55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪ್ರಕಟವಾದವು.

ಅವರ ಕಥೆಯಲ್ಲಿ ಗೊಂಡೋರ್ ಎಂಬ ರಾಜ್ಯ ಬರುತ್ತದೆ. ಅದರ ಶತ್ರುವಿನ ನಾಡು ಮೊರ್ಡೋರ್. ಸಿಂದರಿನ್ ಭಾಷೆಯಲ್ಲಿ ‘ಗೊಂಡ್’ ಎಂದರೆ ಕಲ್ಲು, ‘ಮೋರ್’ ಎಂದರೆ ಕಪ್ಪು, ‘ದೋರ್’ ಎಂದರೆ ನಾಡು. ಕಲ್ಲಿನ ಕೋಟೆಗಳನ್ನು ಕಟ್ಟಿದವರ ನಾಡು ಒಂದು. ಕತ್ತಲೆ ಕವಿದ ನಾಡು ಇನ್ನೊಂದು. ಓದುಗನಿಗೆ ಈ ಅರ್ಥವನ್ನು ಯಾರೂ ಮೊದಲೇ ಹೇಳಬೇಕಾಗಿಲ್ಲ. ಮೈಸೂರು, ಮಂಗಳೂರು, ತುಮಕೂರುಗಳನ್ನು ಕಂಡ ಪರದೇಶೀಯನು ‘ಊರು’ ಎಂಬುದನ್ನು ತಾನೇ ಗುರುತಿಸುವಂತೆ, ಎರಡು ಹೆಸರುಗಳ ಕೊನೆಯಲ್ಲಿ ಒಂದೇ ಧ್ವನಿಯನ್ನು ಕೇಳಿದ ಓದುಗನು ಅಲ್ಲಿ ಒಂದು ಭಾಷೆ ಇದೆಯೆಂದು ನಂಬುತ್ತಾನೆ.

ಗೊಂಡೋರಿನಲ್ಲಿ ಎರಡು ಕೋಟೆಗಳಿದ್ದವು. ಸೂರ್ಯನ ಗೋಪುರವೆಂಬರ್ಥದ ಮಿನಾಸ್ ಅನೋರ್ ಒಂದು. ಚಂದ್ರನ ಗೋಪುರವೆಂಬರ್ಥದ ಮಿನಾಸ್ ಇಥಿಲ್ ಮತ್ತೊಂದು. ಶತ್ರುಗಳು ಚಂದ್ರನ ಗೋಪುರವನ್ನು ಹಿಡಿದ ಮೇಲೆ ಅದಕ್ಕೆ ಮಿನಾಸ್ ಮೊರ್ಗುಲ್ ಎಂಬ ಹೆಸರಾಯಿತು. ಅದರ ಅರ್ಥ ಮಾಟದ ಗೋಪುರ. ಆಗ ಸೂರ್ಯನ ಗೋಪುರಕ್ಕೂ ತನ್ನ ಹಳೆಯ ಹೆಸರು ಉಳಿಯಲಿಲ್ಲ. ಅದು ಕಾವಲಿನ ಗೋಪುರವಾಗಿ ಮಿನಾಸ್ ತಿರಿಥ್ ಎನಿಸಿತು. ಚಂದ್ರನನ್ನು ಕಳೆದುಕೊಂಡ ನಾಡಿಗೆ ಸೂರ್ಯನ ಹೆಸರನ್ನಿಟ್ಟುಕೊಂಡು ಮೆರೆಯುವ ಮನಸ್ಸಿರಲಿಲ್ಲ. ಕಾವಲು ಕಾಯುವುದೇ ಅದರ ಕೆಲಸವಾಯಿತು. ದೋರಸಮುದ್ರವು ಹಳೇಬೀಡಾದುದನ್ನು ಬಲ್ಲ ನಮಗೆ ಈ ಮಾರ್ಪಾಟಿನ ಮರ್ಮವನ್ನು ವಿವರಿಸಬೇಕಾಗಿಲ್ಲ. ಟೋಲ್ಕೀನರ ಲೋಕದಲ್ಲಿ ಬ್ರೀ ಎಂಬ ಒಂದು ಹಳ್ಳಿಯೂ ಉಂಟು. ಬೆಟ್ಟದ ಬುಡದಲ್ಲಿರುವ ಆ ಊರಿಗೆ ಬ್ರಿಲ್ ಎಂಬ ನಿಜವಾದ ಹಳ್ಳಿಯ ಹೆಸರಿನಲ್ಲಿದ್ದ ಆ ಪ್ರಾಚೀನ ಪದವನ್ನೇ ಅವರು ಕೊಟ್ಟರು.

ಹೆಸರನ್ನು ಇಡುವವರು ಯಾರು ಎಂಬ ಪ್ರಶ್ನೆಯನ್ನೂ ಅವರು ಮರೆಯಲಿಲ್ಲ. ಕುದುರೆ ಸವಾರರ ರಾಜ್ಯವೊಂದನ್ನು ಗೊಂಡೋರಿನವರು ರೋಹನ್, ಅಂದರೆ ಕುದುರೆಗಳ ನಾಡು, ಎಂದು ಕರೆಯುತ್ತಾರೆ. ಆದರೆ ಆ ಸವಾರರು ತಮ್ಮ ನಾಡನ್ನು ತಮ್ಮ ಭಾಷೆಯಲ್ಲಿ ಮಾರ್ಕ್ ಎನ್ನುತ್ತಾರೆ. ಲೋಕದಲ್ಲಿಯೂ ಹೀಗೆಯೇ ಅಲ್ಲವೇ? ಗ್ರೀಕರು ತಮ್ಮನ್ನು ಹೆಲೀನರೆಂದು ಕರೆದುಕೊಂಡರು. ನಮ್ಮ ಪೂರ್ವಿಕರು ಅವರನ್ನು ಯವನರೆಂದರು. ನಾವು ಸಿಂಧು ಎಂದ ನದಿಯನ್ನು ಪಾರಸಿಕರು ಹಿಂದು ಎಂದರು. ಗ್ರೀಕರು ಇಂಡೋಸ್ ಎಂದರು. ಅದರಿಂದ ಇಂಡಿಯ ಎಂಬ ಹೆಸರು ಹುಟ್ಟಿ ಭಾರತದ ಜೊತೆಗೆ ನಿಂತಿತು. ಒಂದು ನಾಡಿಗೆ ಒಳಗಿನವರಿಟ್ಟ ಹೆಸರು ಒಂದು, ಹೊರಗಿನವರಿಟ್ಟ ಹೆಸರು ಇನ್ನೊಂದು.

ಇಲ್ಲಿ ಲೇಖಕನ ಹೊಣೆಗಾರಿಕೆಯ ಮಾತೊಂದು ಬರುತ್ತದೆ. ಕ್ರೂರಿಗಳ ನಾಡಿಗೆ ಕರ್ಕಶವಾದ ಹೆಸರನ್ನಿಡುವುದು ಸುಲಭ. ಆ ಕರ್ಕಶ ಶಬ್ದವನ್ನು ನಾವು ಎಲ್ಲಿಂದ ತರುತ್ತೇವೆ? ನಮಗೆ ತಿಳಿಯದ ಯಾವುದೋ ಜನರ ಭಾಷೆಯಿಂದ ತಂದರೆ, ಆ ಜನರೆಲ್ಲ ಕ್ರೂರಿಗಳೆಂದು ಓದುಗನ ಕಿವಿಗೆ ಕಲಿಸಿದಂತಾಗುತ್ತದೆ. ಕಿವಿಗೆ ಕರ್ಕಶವೆನಿಸುವ ಪ್ರತಿಯೊಂದು ಮಾತಿನಲ್ಲಿಯೂ ಯಾವಳೋ ತಾಯಿ ಮಗುವನ್ನು ತೂಗಿದ್ದಾಳೆ. ನಮ್ಮ ಆದಿಕವಿಯ ಕಾವ್ಯದಲ್ಲಿ ರಾವಣನ ರಾಜಧಾನಿಗಿರುವ ಹೆಸರು ಲಂಕೆ. ಅಷ್ಟು ಮೃದುವಾದ ಹೆಸರು ಅಪೂರ್ವ. ಭಯಂಕರ ಎಂಬ ಅರ್ಥದ ಹೆಸರುಳ್ಳ ವಿಭೀಷಣನೇ ಅಲ್ಲಿಯ ಧರ್ಮಾತ್ಮ. ಶಬ್ದದ ಗಡಸುತನದಿಂದ ಗುಣವನ್ನು ಅಳೆಯಬಾರದೆಂಬ ವಿವೇಕ ಇದರಲ್ಲಿ ಅಡಗಿದೆ.

ಸಾಮ್ರಾಜ್ಯಗಳನ್ನೇ ಕಲ್ಪಿಸಬೇಕೆಂದಿಲ್ಲ, ಒಂದು ಚಿಕ್ಕ ಊರಿಗೂ ಇದೇ ನಿಯಮ ಅನ್ವಯಿಸುತ್ತದೆ. ಆರ್. ಕೆ. ನಾರಾಯಣರು 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಶುಭದಿನದಂದು, ಹೊಸ ಪುಸ್ತಕವೊಂದನ್ನು ತೆರೆದು ಬರೆಯಲು ಕುಳಿತರು. ಆಗ ಪುಟ್ಟ ರೈಲು ನಿಲ್ದಾಣವೊಂದು ಅವರ ಮನಸ್ಸಿನಲ್ಲಿ ಮೂಡಿತು. ಅದರೊಡನೆಯೇ ಮಾಲ್ಗುಡಿ ಎಂಬ ಹೆಸರೂ ಬಂದಿತು. ಮಲ್ಲೇಶ್ವರ, ಬಸವನಗುಡಿಗಳನ್ನು ಕೂಡಿಸಿ ಮಾಡಿದ ಹೆಸರೆಂದು ಅನೇಕರು ಊಹಿಸುವುದುಂಟು. ಅದು ಹೇಗೇ ಇರಲಿ, ಕನ್ನಡಿಗನ ಕಿವಿಗೆ ಅದರಲ್ಲಿ ದೇವರ ಗುಡಿ ಕೇಳಿಸುತ್ತದೆ. ತಮಿಳರಿಗೆ ಲಾಲ್ಗುಡಿ, ಮನ್ನಾರ್ಗುಡಿಗಳ ನೆನಪಾಗುತ್ತದೆ. ದಕ್ಷಿಣದ ಯಾವ ರೈಲಿನಲ್ಲಿ ಹೋಗುವವನಿಗೂ ಮುಂದಿನ ನಿಲ್ದಾಣ ಅದೇ ಇರಬಹುದೆನಿಸುತ್ತದೆ. ಆ ಊರಿನ ನದಿಗೆ ಸರಯೂ ಎಂಬ ಪುರಾಣದ ಹೆಸರು. ಬೆಟ್ಟಗಳಿಗೆ ಮೆಂಪಿ ಎಂಬ ದೇಶೀಯ ಹೆಸರು. ಶಾಲೆಗೆ ಆಲ್ಬರ್ಟ್ ಮಿಷನ್, ಬಡಾವಣೆಗೆ ಲಾಲಿ ಎಂಬ ಆಂಗ್ಲ ಹೆಸರುಗಳು. ಇತಿಹಾಸದ ಒಂದು ಪುಟವನ್ನೂ ಬರೆಯದೆ, ಆ ಊರನ್ನು ಯಾರು ಯಾರು ಹಾದುಹೋದರೆಂಬುದನ್ನು ನಾರಾಯಣರು ಹೆಸರುಗಳಿಂದಲೇ ತಿಳಿಸಿದರು. 1980ರ ದಶಕದಲ್ಲಿ ಶಂಕರ್‌ನಾಗ್ ಅವರು ಈ ಕಥೆಗಳನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದರು. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. 2020ರಲ್ಲಿ ಅಲ್ಲಿಯ ಹಳೆಯ ಕಟ್ಟಡವನ್ನು ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಗಿ ರೂಪಿಸಿದರು. ಎಲ್ಲಿಯೂ ಇಲ್ಲದ ಊರು ಕಡೆಗೆ ನೆಲದ ಮೇಲೆ ಒಂದು ನೆಲೆಯನ್ನು ಪಡೆಯಿತು.

ಆದುದರಿಂದ, ಕಲ್ಪನೆಯ ನಾಡಿಗೆ ಹೆಸರಿಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಈ ಹೆಸರನ್ನು ಇಟ್ಟವರು ಯಾರು? ಅವರು ಅಲ್ಲಿ ಮೊದಲು ಕಂಡದ್ದು ನದಿಯನ್ನೋ, ಬೆಟ್ಟವನ್ನೋ, ಭಯವನ್ನೋ? ನೆರೆಯ ಊರಿನ ಹೆಸರೇನು? ಅವರ ಮೊಮ್ಮಕ್ಕಳ ಬಾಯಲ್ಲಿ ಈ ಹೆಸರು ಏನಾಗಿದೆ? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ, ಆ ಉತ್ತರವನ್ನು ಕಥೆಯಲ್ಲಿ ಹೇಳದಿದ್ದರೂ ಹೆಸರು ನಿಲ್ಲುತ್ತದೆ. ಉತ್ತರವಿಲ್ಲದಿದ್ದರೆ, ಎಷ್ಟು ವಿಚಿತ್ರವಾದ ಅಕ್ಷರಗಳನ್ನು ಪೋಣಿಸಿದರೂ ಅದು ಬರಿಯ ಸದ್ದಾಗಿಯೇ ಉಳಿಯುತ್ತದೆ. ಹೆಸರೆಂದರೆ ಜನ. ಜನರಿಲ್ಲದ ಹೆಸರು ಬೇರಿಲ್ಲದ ಗಿಡ.

ಟೋಲ್ಕೀನರ ಬಗ್ಗೆ ಒಂದು ಸಂಗತಿಯನ್ನು ಹೇಳದೆ ಉಳಿಸಿಕೊಂಡಿದ್ದೇನೆ. ಬೇಸಿಗೆಯಲ್ಲಿ ಅವರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಒಮ್ಮೆ ಒಬ್ಬ ವಿದ್ಯಾರ್ಥಿಯು ಬರೆಯದೆ ಬಿಟ್ಟಿದ್ದ ಖಾಲಿ ಪುಟವೊಂದು ಎದುರಾಯಿತು. ಬೇಸರದಿಂದ ಕುಳಿತಿದ್ದ ಅವರು ಆ ಪುಟದಲ್ಲಿ, ತಮಗೇ ಅರ್ಥ ತಿಳಿಯದ ‘ಹಾಬಿಟ್’ ಎಂಬ ಶಬ್ದವಿರುವ ಒಂದು ವಾಕ್ಯವನ್ನು ಬರೆದರು. ಅದು ಅರ್ಥವಿಲ್ಲದ ಶಬ್ದವೆಂದು ಅವರು ಹೊಡೆದುಹಾಕಲಿಲ್ಲ, ಇದೇನಿರಬಹುದೆಂದು ಕೇಳಿಕೊಂಡರು. ಆ ಒಂದು ಪ್ರಶ್ನೆಯಿಂದ ಒಂದು ಲೋಕವೇ ಬೆಳೆಯಿತು. ಅವರೂ ನಾನೂ ಮಾಡುತ್ತಿದ್ದುದು ಒಂದೇ ಕೆಲಸ. ಅವರಿಗೆ ಖಾಲಿ ಪುಟದಲ್ಲಿ ಒಂದು ಹೆಸರು ದೊರೆಯಿತು. ನಾನು ತುಂಬಿದ ಪುಟದಲ್ಲಿದ್ದ ಹೆಸರನ್ನು ಕಳೆದುಬಿಟ್ಟೆ.

ಅಲ್ಲಿಂದ ಮುಂದೆ, ನಿವೃತ್ತನಾಗುವವರೆಗೂ, ಮಕ್ಕಳ ಕಥೆಗಳಲ್ಲಿ ಅಪರಿಚಿತವಾದ ಹೆಸರು ಕಂಡಾಗ ನಾನು ಲೇಖನಿಯನ್ನು ಕೆಳಗಿಟ್ಟು ಆ ಮಗುವನ್ನು ಹತ್ತಿರ ಕರೆಯುತ್ತಿದ್ದೆ. ‘ಇದರ ಅರ್ಥವೇನು? ಇದನ್ನು ಇಟ್ಟವರಾರು?’ ಎಂದು ಕೇಳುತ್ತಿದ್ದೆ. ಕೆಲವರಿಗೆ ಉತ್ತರ ತಿಳಿಯುತ್ತಿರಲಿಲ್ಲ. ಯೋಚಿಸಿ ನಾಳೆ ಹೇಳುವೆವೆನ್ನುತ್ತಿದ್ದರು. ಕೆಲವರು ಪುಸ್ತಕದ ಕಡೆಯ ಹಾಳೆಯನ್ನು ತಿರುವಿ ತೋರಿಸುತ್ತಿದ್ದರು.

ಪದಗಳ ಅರ್ಥ

ಮೂಡಲು—ಪೂರ್ವ ದಿಕ್ಕು
ಪಡುವಲು—ಪಶ್ಚಿಮ ದಿಕ್ಕು
ತೊರೆ—ಚಿಕ್ಕ ನದಿ, ಹಳ್ಳ
ಹುದುಗಿಸು—ಅಡಗಿಸು, ಒಳಗೆ ಸೇರಿಸು
ಪಂಕ್ತಿ—ಸಾಲು
ವ್ಯುತ್ಪತ್ತಿ—ಪದದ ಹುಟ್ಟು, ಮೂಲ
ಪರಿಹಾಸ—ಹಾಸ್ಯ, ಅಣಕ
ಬೀಡು—ವಾಸಸ್ಥಳ, ರಾಜಧಾನಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಯುಟೋಪಿಯ ಎಂಬ ಹೆಸರಿನಲ್ಲಿ ಅಡಗಿರುವ ಎರಡು ಅರ್ಥಗಳು ಯಾವುವು?
2. ಗೊಂಡೋರ್, ಮೊರ್ಡೋರ್ ಎಂಬ ಹೆಸರುಗಳಲ್ಲಿ ಸಮಾನವಾದ ಪದ ಯಾವುದು? ಅದರ ಅರ್ಥವೇನು?
3. ಹಳೇಬೀಡಿಗೆ ಹಿಂದೆ ಇದ್ದ ಹೆಸರು ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ‘ಮೂಟೊರೆ’ ಎಂಬ ಹೆಸರನ್ನು ಬಾಲಕನು ಹೇಗೆ ರೂಪಿಸಿದ್ದನು? ಉಪಾಧ್ಯಾಯರು ಮಾಡಿದ ತಪ್ಪೇನು?
2. ಮಾಲ್ಗುಡಿಯ ಹೆಸರುಗಳಿಂದ ಆ ಊರಿನ ಇತಿಹಾಸ ಹೇಗೆ ತಿಳಿಯುತ್ತದೆ?
3. ಕ್ರೂರಿಗಳ ನಾಡಿಗೆ ಹೆಸರಿಡುವಾಗ ಲೇಖಕನು ಏಕೆ ಎಚ್ಚರ ವಹಿಸಬೇಕು?

ಇ. ಸಂದರ್ಭದೊಡನೆ ವಿವರಿಸಿ.
1. ‘ಕಥೆ ಸೊಗಸಾಗಿದೆ, ಸತ್ಯವಾಗಿಲ್ಲ.’
2. ‘ಹೆಸರೆಂದರೆ ಜನ.’

ಈ. ಮಾಡಿ ನೋಡಿ.
ನಿಮ್ಮ ಊರಿನ ಮತ್ತು ನೆರೆಯ ಐದು ಊರುಗಳ ಹೆಸರುಗಳ ಅರ್ಥವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಅನಂತರ ಒಂದು ಕಲ್ಪನೆಯ ನಾಡಿನ ಭೂಪಟವನ್ನು ರಚಿಸಿ, ಅದರ ನದಿ, ಬೆಟ್ಟ, ಊರುಗಳಿಗೆ ಒಂದಕ್ಕೊಂದು ಹೊಂದುವ ಹೆಸರುಗಳನ್ನಿಡಿ. ಪ್ರತಿಯೊಂದು ಹೆಸರನ್ನೂ ಯಾರು, ಏಕೆ ಇಟ್ಟರೆಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ.